ಸಾಮಾನಿನ ಜೊತೆಗೇ ಬಂದ ದೆವ್ವ

ಮೇರಿ ಡೌನಿಂಗ್ ಹಾನ್ ಅವರ ‘ವೇಟ್ ಟಿಲ್ ಹೆಲೆನ್ ಕಮ್ಸ್’ (1986) ಕಾದಂಬರಿಯಲ್ಲಿ ಮರುಮದುವೆಯಾದ ದಂಪತಿ ಮೂವರು ಮಕ್ಕಳೊಂದಿಗೆ ಅಮೆರಿಕದ ಮೇರಿಲ್ಯಾಂಡ್‌ನ ಹಳ್ಳಿಯೊಂದಕ್ಕೆ ಬರುತ್ತಾರೆ. ಮನೆಯಾಗಿ ಮಾರ್ಪಟ್ಟ ಹಳೆಯ ಚರ್ಚು, ಪಕ್ಕದಲ್ಲೇ ಸ್ಮಶಾನ. ಆದರೂ ಕಥೆಯ ನಿಜವಾದ ಭಯ ಗೋರಿಯಿಂದ ಎದ್ದದ್ದಲ್ಲ, ಕುಟುಂಬವೇ ಹೊತ್ತು ತಂದದ್ದು. 7 ವರ್ಷದ ಹೆದರ್ ಬೆಂಕಿಯಲ್ಲಿ ತಾಯಿಯನ್ನು ಕಳೆದುಕೊಂಡವಳು. ಆ ಬೆಂಕಿ ತನ್ನಿಂದಲೇ ಹೊತ್ತಿತೆಂಬ ಗುಟ್ಟನ್ನು ಯಾರಿಗೂ ಹೇಳದವಳು. ನೂರು ವರ್ಷದ ಹಿಂದೆ ಸತ್ತು ದೆವ್ವವಾದ ಹುಡುಗಿ ಹೆಲೆನ್‌ಳದೂ ಅದೇ ಪಾಡು. ದೊಡ್ಡವರ ಕಿವಿಗೆ ಬೀಳದ ಹೆದರ್‌ಳ ಸಂಕಟವನ್ನು ಆ ದೆವ್ವ ಕೇಳಿಸಿಕೊಳ್ಳುತ್ತದೆ, ಅವಳನ್ನು ಕೊಳದತ್ತ ಕರೆಯುತ್ತದೆ.

ಇಷ್ಟು ಭಾರ ಎಳೆಯರಿಗೇಕೆ ಎಂದು ಪೋಷಕರು ಕೇಳುವುದು ಸಹಜ. ತೀರಾ ಚಿಕ್ಕವರ ಮಟ್ಟಿಗೆ ಆ ಆಕ್ಷೇಪ ಸರಿಯೇ. ಆದರೆ ಹತ್ತು ದಾಟಿದ ಮಕ್ಕಳಿಗೆ ತಪ್ಪಿತಸ್ಥ ಭಾವ ಹೊಸದಲ್ಲ, ಅದನ್ನು ಹೇಳಿಕೊಳ್ಳುವ ದಾರಿಯಷ್ಟೇ ಹೊಸದು. ಹಾನ್ ಇಲ್ಲಿ ಮಂತ್ರವಾದಿಯನ್ನು ಕರೆಸುವುದಿಲ್ಲ. ಬದಲಿಗೆ ಹೆದರ್ ತನ್ನ ಮಲಸಹೋದರಿ ಮಾಲಿಯ ಮುಂದೆ ಗುಟ್ಟನ್ನು ಬಾಯಿಬಿಟ್ಟು ಹೇಳುತ್ತಾಳೆ.