ಮರದ ನೆಲ ಬೇಕೇ? ಮೊದಲು ಹಲಗೆಯ ಅಂಚು ನೋಡಿ

"ಅಮ್ಮಾ, ಈ ಮರಕ್ಕೆ ಕಣ್ಣಿದೆ. ಅಲ್ನೋಡು, ಅದಕ್ಕೂ ಅದೇ ಕಣ್ಣು!"

ಮಲಗುವ ಕೋಣೆಯ ನೆಲದ ಮೇಲೆ ಬೋರಲು ಮಲಗಿ ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದ ಐದು ವರ್ಷದ ಮಗಳು ಹೀಗೆ ಕೂಗಿದಾಗ ನಾನು ಬಟ್ಟೆ ಮಡಿಸುತ್ತಿದ್ದೆ. ಹೋಗಿ ನೋಡಿದೆ. ಕಿಟಕಿ ಪಕ್ಕದ ಹಲಗೆಯಲ್ಲಿ ಕಣ್ಣಿನ ಆಕಾರದ ಒಂದು ಗಂಟು, ಅದರ ಕೆಳಗೊಂದು ಸಣ್ಣ ಬಿರುಕು, ಪಕ್ಕದಲ್ಲಿ ಎರಡು ಗೆರೆ. ಮಂಚದ ಕಾಲಿನ ಹತ್ತಿರದ ಹಲಗೆಯಲ್ಲೂ ಅದೇ ಗಂಟು, ಅದೇ ಬಿರುಕು, ಅದೇ ಎರಡು ಗೆರೆ. ಬಾಗಿಲ ಬಳಿ ಇನ್ನೊಂದು. ಮಗಳ ಜತೆ ಎಣಿಸುತ್ತಾ ಹೋದರೆ ಒಟ್ಟು ಏಳು ಸಿಕ್ಕವು. ಯಾವ ಮರ ತಾನೇ ಒಂದೇ ಗಂಟನ್ನು ಏಳು ಸಲ ಬಿಡುತ್ತದೆ ಹೇಳಿ?

ಎರಡು ವರ್ಷ ಚೀಟಿ ಕಟ್ಟಿ ಉಳಿಸಿದ ದುಡ್ಡಿನಲ್ಲಿ 2016ರಲ್ಲಿ ನಾವು ಹಾಕಿಸಿದ್ದ 'ಓಕ್ ಫ್ಲೋರಿಂಗ್' ಅದು. ಬಿಲ್ಲಿನಲ್ಲೂ ಹಾಗೇ ಬರೆದಿತ್ತು. ಅಂಗಡಿಯವರಿಗೆ ಫೋನ್ ಮಾಡಿದರೆ, "ಮೇಡಂ, ಓಕ್ ಅನ್ನೋದು ಆ ಡಿಸೈನ್ ಹೆಸರು. ನಿಮ್ದು ಲ್ಯಾಮಿನೇಟು. ಆ ರೇಟಿಗೆ ಓಕ್ ಮರ ಎಲ್ಲಿ ಬರುತ್ತೆ?" ಅಂತ ನನಗೇ ಬುದ್ಧಿ ಹೇಳಿದರು. ಕೇಳದೆ ಕೊಂಡ ತಪ್ಪು ನನ್ನದೂ ಇದೆ ಅಂತ ಸುಮ್ಮನಾದೆ. ಸುಮ್ಮನಾದೆ ಅನ್ನೋದು ಪೂರ್ತಿ ನಿಜವಲ್ಲ, ನಮ್ಮನೆಯವರ ಮೇಲೆ ಒಂದು ವಾರ ರೇಗಾಡಿದೆ.

ಮರದ ನೆಲದ ಮಾತು ಮತ್ತೆ ಎದ್ದದ್ದು 2022ರ ಡಿಸೆಂಬರಿನಲ್ಲಿ. ಸಕಲೇಶಪುರದ ಹತ್ತಿರ ಊರಲ್ಲಿದ್ದ ಅತ್ತೆ ಒದ್ದೆ ಟೈಲ್ಸ್ ಮೇಲೆ ಜಾರಿ ಬಿದ್ದು, ಸೊಂಟದ ಮೂಳೆಯ ಆಪರೇಷನ್ ಮುಗಿಸಿಕೊಂಡು ಬೆಂಗಳೂರಿನ ನಮ್ಮ ಫ್ಲಾಟಿಗೆ ಬಂದರು. ವಾಕರ್ ಹಿಡಿದು ದಿನಾ ನಡೆಯಬೇಕು ಅಂತ ಡಾಕ್ಟರು ಹೇಳಿದ್ದರು. ಇವರೋ, "ಐಸ್ ಮೇಲೆ ಕಾಲಿಟ್ಟ ಹಾಗಾಗುತ್ತೆ ಕಣೇ" ಅಂತ ಮಂಚದಿಂದ ಇಳಿಯುತ್ತಲೇ ಇರಲಿಲ್ಲ. ಅವರ ಮಾತು ಸುಳ್ಳಲ್ಲ. ಟೈಲ್ಸು, ಗ್ರಾನೈಟು ಪಾದದ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತವೆ, ಮರ ಹಾಗೆ ಎಳೆಯುವುದಿಲ್ಲ. ಅದಕ್ಕೇ ಮರದ ನೆಲ ಕಾಲಿಗೆ ಬೆಚ್ಚಗೆನಿಸುವುದು. ಸರಿ, ಅತ್ತೆಯ ಕೋಣೆಗೆ, ಅದರ ಎದುರಿನ ಊಟದ ಜಾಗಕ್ಕೆ, ಆದರೆ ಅಡುಗೆಮನೆಗೂ ಓಕ್ ಹಾಕಿಸಿಬಿಡೋಣ ಎಂದು ಲೆಕ್ಕ ಹಾಕಿದೆ. ಈ ಸಲ ಹತ್ತು ಅಂಗಡಿ ಅಲೆದರೂ ಸರಿ, ಕೇಳದೆ ಕೊಳ್ಳಬಾರದು ಅಂತಲೂ ತೀರ್ಮಾನಿಸಿದ್ದೆ.

ಮೊದಲ ಪ್ರಶ್ನೆ ಅತ್ತೆಯಿಂದಲೇ ಬಂತು. "ತೋಟದಲ್ಲಿ ಅಷ್ಟೊಂದು ಓಕ್ ಮರ ನಿಂತಿದೆ, ದುಡ್ಡು ಕೊಟ್ಟು ಯಾಕೆ ತರ್ತೀರಿ?" ಕೊಡಗು, ಚಿಕ್ಕಮಗಳೂರು ಕಡೆಯ ಓದುಗರಿಗೂ ಹೀಗನಿಸಬಹುದು. ಕಾಫಿಗೆ ನೆರಳಾಗಿ, ಮೆಣಸಿನ ಬಳ್ಳಿಗೆ ಆಸರೆಯಾಗಿ ನಿಂತಿರುವ ಸಿಲ್ವರ್ ಓಕ್ ಹೆಸರಿಗಷ್ಟೇ ಓಕ್. ಅದು ಆಸ್ಟ್ರೇಲಿಯಾದಿಂದ ಬಂದ ಗ್ರೆವಿಲಿಯಾ ಎಂಬ ಬೇರೆಯೇ ಮರ. ನಿಜವಾದ ಓಕ್ ನಮ್ಮ ದೇಶದಲ್ಲಿ ಹಿಮಾಲಯದ ಬೆಟ್ಟಗಳಲ್ಲಿದೆ, ಉತ್ತರಾಖಂಡದವರು ಬಾಂಜ್ ಅಂತಾರೆ. ನಮ್ಮ ಪಶ್ಚಿಮಘಟ್ಟದ ಕಾಡಿನಲ್ಲಿ ಅದು ತಾನಾಗಿ ಬೆಳೆಯುವುದಿಲ್ಲ. ಅಂಗಡಿಯಲ್ಲಿ ನೆಲಕ್ಕೆಂದು ತೋರಿಸುವ ಓಕ್ ಸಾಮಾನ್ಯವಾಗಿ ಯುರೋಪಿನದು ಅಥವಾ ಅಮೆರಿಕದ್ದು.

ಅದರಲ್ಲೂ ಬಿಳಿ ಓಕ್, ಕೆಂಪು ಓಕ್ ಅಂತ ಎರಡು ಬಗೆ. ಕೆಂಪು ಓಕ್‌ನ ಸೂಕ್ಷ್ಮ ನಾಳಗಳು ತೆರೆದೇ ಇರುತ್ತವೆ. ಸಣ್ಣ ತುಂಡಿನ ಒಂದು ತುದಿಗೆ ಬಾಯಿಟ್ಟು ಊದಿದರೆ ಇನ್ನೊಂದು ತುದಿಯಿಂದ ಗಾಳಿ ಹೊರಬರುತ್ತದೆ. ಬಿಳಿ ಓಕ್‌ನಲ್ಲಿ ಆ ನಾಳಗಳು ಮುಚ್ಚಿಕೊಂಡಿರುತ್ತವೆ. ವೈನು, ವಿಸ್ಕಿ ತುಂಬಿಡುವ ಪೀಪಾಯಿಗಳನ್ನು ಅದರಲ್ಲಿ ಮಾಡುವುದು ಅದಕ್ಕೇ, ಸೋರುವುದಿಲ್ಲ. ಯುರೋಪಿನ ಓಕ್ ಕೂಡ ಈ ಬಿಳಿ ಗುಂಪಿನದೇ. ನಮ್ಮ ಮನೆಗಳ ನೀರಿನ ಓಡಾಟಕ್ಕೆ ಕೇಳಿ ಪಡೆಯಬೇಕಾದ್ದು ಇದನ್ನು.

ತೇಗಕ್ಕಿಂತ ಓಕ್ ಮೇಲೇ? ಗಟ್ಟಿತನದಲ್ಲಿ ಹೌದು, ಪಾತ್ರೆ ಬಿದ್ದರೆ ತಗ್ಗಾಗುವುದು ಕಡಿಮೆ. ಆದರೆ ತೇಗದೊಳಗೆ ಅದರದೇ ಎಣ್ಣೆಯಿದೆ, ನೀರು, ಗೆದ್ದಲು ಎರಡನ್ನೂ ತಡೆಯುತ್ತದೆ. ಓಕ್‌ಗೆ ಆ ರಕ್ಷಣೆ ಅಷ್ಟಿಲ್ಲ. ನೆಲ ಅಂತಸ್ತಿನ ಮನೆಯಾಗಿದ್ದು ಗೆದ್ದಲಿನ ಕಾಟವಿದ್ದರೆ ನಾನಂತೂ ಓಕ್ ಆಸೆ ಬಿಟ್ಟುಬಿಡುತ್ತಿದ್ದೆ. ನಾವಿರುವುದು ಮೂರನೇ ಮಹಡಿ.

ಮೂರು ಬಗೆಗೆ ಒಂದೇ ಹೆಸರು

ಅಂಗಡಿಯಲ್ಲಿ ಮೂರು ಬೇರೆ ಬೇರೆ ವಸ್ತುಗಳಿಗೆ ಓಕ್ ಎನ್ನುತ್ತಾರೆ. ನಮಗೆ ಮೊದಲು ಸಿಕ್ಕಿದ್ದು ಲ್ಯಾಮಿನೇಟು. ಮರದ ನಾರನ್ನು ಒತ್ತಿ ಮಾಡಿದ ಎಚ್‌ಡಿಎಫ್ ಹಲಗೆ, ಅದರ ಮೇಲೆ ಓಕ್‌ನ ಫೋಟೊ ಅಚ್ಚು ಹಾಕಿದ ಕಾಗದ, ಮೇಲೊಂದು ಗಟ್ಟಿ ಪಾರದರ್ಶಕ ಪದರ. ಸಾಮಾನ್ಯವಾಗಿ 8 ಅಥವಾ 12 ಮಿ.ಮೀ. ದಪ್ಪ. ಅದು ಕೆಟ್ಟ ವಸ್ತುವೇನಲ್ಲ, ಗೀರು ಬೀಳುವುದು ನಿಜವಾದ ಓಕ್‌ಗಿಂತ ಕಡಿಮೆ, ಅಗ್ಗವೂ ಹೌದು. ಕೊಳ್ಳುವುದಾದರೆ ಎಸಿ3 ಅಥವಾ ಎಸಿ4 ದರ್ಜೆ ಕೇಳಿ, ಇದು ಸವೆತ ತಡೆಯುವ ಅಳತೆ. (ಏರ್ ಕಂಡಿಷನರ್ ಕೂಡ ಕೊಡ್ತಾರೇನೋ ಅಂದುಕೊಂಡಿದ್ದರು ನಮ್ಮನೆಯವರು.) ಒಮ್ಮೆ ಮೇಲ್ಪದರ ಸವೆದರೆ ಅಥವಾ ನೀರು ಕುಡಿದು ಉಬ್ಬಿದರೆ ರಿಪೇರಿ ಮಾತ್ರ ಇಲ್ಲ, ಆ ಹಲಗೆಯನ್ನೇ ಬದಲಿಸಬೇಕು.

ಎರಡನೆಯದು ಪೂರ್ತಿ ಓಕ್ ಮರದ ಹಲಗೆ, 18ರಿಂದ 20 ಮಿ.ಮೀ. ದಪ್ಪ. ಕೇಳಲು ಚೆನ್ನ. ಆದರೆ ಮರ ಮಳೆಗಾಲದಲ್ಲಿ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಮಾರ್ಚ್ ತಿಂಗಳ ಒಣಹವೆಗೆ ಕುಗ್ಗುತ್ತದೆ. ಹಲಗೆ ಅಗಲವಾದಷ್ಟೂ ಈ ಆಟ ಜಾಸ್ತಿ. ಮಂಗಳೂರು, ಉಡುಪಿಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದು ಅವರಿಗೆ ಗೊತ್ತು.

ಮೂರನೆಯದೇ ಎಂಜಿನಿಯರ್ಡ್ ಓಕ್. ಮೇಲೆ ನಿಜವಾದ ಓಕ್‌ನ ಪದರ, ಕೆಳಗೆ ಒಂದರ ಮೇಲೊಂದು ಅಡ್ಡಡ್ಡ ಅಂಟಿಸಿದ ಪ್ಲೈ ಪದರಗಳು. ಒಂದು ಪದರ ಹಿಗ್ಗಲು ಹೊರಟರೆ ಅದಕ್ಕೆ ಅಡ್ಡಲಾಗಿರುವ ಇನ್ನೊಂದು ಹಿಡಿದು ನಿಲ್ಲಿಸುತ್ತದೆ. ಹೀಗಾಗಿ ಫ್ಲಾಟುಗಳಿಗೆ ಇದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಹಳೇ ಟೈಲ್ಸ್ ಒಡೆಯದೆ ಅದರ ಮೇಲೇ ಹಾಸಬಹುದು ಅನ್ನುವುದು ಇನ್ನೊಂದು ಅನುಕೂಲ, ಮನೆಯಲ್ಲಿ ರೋಗಿ ಇದ್ದಾಗ ಸುತ್ತಿಗೆ ಸದ್ದು, ಧೂಳು ಯಾರಿಗೆ ಬೇಕು?

ಇಲ್ಲೇ ಜಾಣತನ ಬೇಕಾಗುವುದು. ಮೇಲಿನ ಓಕ್ ಪದರ ಎಷ್ಟು ದಪ್ಪ? 3ರಿಂದ 4 ಮಿ.ಮೀ. ಇದ್ದರೆ ವರ್ಷಗಳ ನಂತರ ಉಜ್ಜಿಸಿ ಹೊಸ ಪಾಲಿಶ್ ಹಾಕಿಸಬಹುದು, ಅದೂ ಎರಡು ಸಲವಾದರೂ. ಕಾಗದದಷ್ಟು ತೆಳುವಾಗಿದ್ದರೆ ಒಮ್ಮೆ ಉಜ್ಜುವಷ್ಟರಲ್ಲಿ ಪ್ಲೈ ಕಾಣುತ್ತದೆ. ಆದ್ದರಿಂದ ಅಂಗಡಿಗೆ ಹೋದಾಗ ಮೇಲಿನ ಬಣ್ಣ ನೋಡುವ ಮೊದಲು ಹಲಗೆ ತಿರುಗಿಸಿ ಅಂಚು ನೋಡಿ. ನಾನು ಮಗಳ ಜಾಮಿಟ್ರಿ ಬಾಕ್ಸಿನ ಸ್ಕೇಲ್ ತೆಗೆದುಕೊಂಡು ಹೋಗಿದ್ದೆ. ಒಂದು ಅಂಗಡಿಯ ಹುಡುಗ ನಕ್ಕ, ನಗಲಿ ಬಿಡಿ. ಮೇಲೆ ಕಾಣುವ ಗೆರೆಗಳು ಅಂಚಿನಲ್ಲೂ ಮುಂದುವರಿದಿದ್ದರೆ ಅದು ಮರ, ಅಂಚಿನಲ್ಲಿ ಬರೀ ಕಂದು ಹಿಟ್ಟಿನಂಥ ಹಲಗೆಯಿದ್ದರೆ ಫೋಟೊ. ಹತ್ತು ಹಲಗೆಗಳನ್ನು ಪಕ್ಕಪಕ್ಕ ಹರಡಿಸಿ, ಒಂದೇ ಗಂಟು ಎರಡು ಕಡೆ ಕಂಡರೆ ನಿಮಗೇ ಗೊತ್ತಾಗುತ್ತದೆ. ಬಿಲ್ಲಿನಲ್ಲಿ 'ಓಕ್ ಫ್ಲೋರಿಂಗ್' ಅಂತಷ್ಟೇ ಬರೆಯಲು ಬಿಡಬೇಡಿ. 'ಎಂಜಿನಿಯರ್ಡ್ ಬಿಳಿ ಓಕ್, ಒಟ್ಟು ದಪ್ಪ 14 ಮಿ.ಮೀ., ಮೇಲ್ಪದರ 3 ಮಿ.ಮೀ.' ಎಂದು ನಾನು ಎದುರಿಗೇ ನಿಂತು ಬರೆಸಿದೆ.

ಅಡುಗೆಮನೆ ಮಾತ್ರ ಬೇಡವೆಂದೆ

ಅಮೆರಿಕದಲ್ಲಿರುವ ನಾದಿನಿಯ ಅಡುಗೆಮನೆಯ ನೆಲ ಓಕ್. ಫೋಟೊ ನೋಡಿಯೇ ನನಗೆ ಆಸೆ ಹುಟ್ಟಿದ್ದು. ಫೋನಿನಲ್ಲಿ ಕೇಳಿದರೆ ಅವಳೇ ತಡೆದಳು. "ಅತ್ತಿಗೆ, ನಮ್ಮಲ್ಲಿ ಪಾತ್ರೆ ಮಷೀನಿನಲ್ಲಿ. ನೆಲಕ್ಕೆ ನೀರು ಹಾಕೋದೇ ಇಲ್ಲ, ಒರೆಸೋದಷ್ಟೇ. ನೀವು ದಿನಾ ತೊಳೀತೀರಲ್ಲ!" ನಿಜ. ಹಬ್ಬ ಬಂದರೆ ಬಕೆಟ್ ನೀರು ಸುರಿದು ತೊಳೆದರೇ ನಮಗೆ ಸಮಾಧಾನ. ಗ್ರೈಂಡರ್ ತೊಳೆಯುವಾಗ ದೋಸೆ ಹಿಟ್ಟಿನ ನೀರು ಚೆಲ್ಲುತ್ತದೆ, ಸಿಂಕಿನ ಕೆಳಗಿನ ಪೈಪು ಹೇಳದೆ ಕೇಳದೆ ಸೋರುತ್ತದೆ. ಪಕ್ಕದ ಬ್ಲಾಕಿನವರು ಅಡುಗೆಮನೆಗೆ ಲ್ಯಾಮಿನೇಟ್ ಹಾಕಿಸಿ, ಎರಡು ದಿನ ಮೈಸೂರಿಗೆ ಹೋಗಿ ಬರುವಷ್ಟರಲ್ಲಿ ವಾಟರ್ ಫಿಲ್ಟರ್ ಪೈಪು ಸೋರಿ ನೆಲವೆಲ್ಲ ಹಪ್ಪಳದ ಹಾಗೆ ಉಬ್ಬಿಕೊಂಡಿತ್ತು.

ಇನ್ನೊಂದು ವಿಷಯ ಬಡಗಿ ಹೇಳಿದ ಮೇಲೆಯೇ ನನಗೆ ತಿಳಿದದ್ದು. ಓಕ್‌ನಲ್ಲಿ ಟ್ಯಾನಿನ್ ಎಂಬ ಒಗರು ಅಂಶ ಜಾಸ್ತಿ, ಅಡಿಕೆಯಲ್ಲಿ, ಚಹಾದಲ್ಲಿ ಇರುವಂಥದ್ದೇ. ಒದ್ದೆಯಾದಾಗ ಅದಕ್ಕೆ ಕಬ್ಬಿಣ ತಾಗಿದರೆ ಕಪ್ಪು ಕಲೆ ಬೀಳುತ್ತದೆ. ನಮ್ಮ ಗ್ಯಾಸ್ ಸಿಲಿಂಡರಿನ ಬುಡದ ತುಕ್ಕು ಹಿಡಿದ ಬಳೆ ನೆನಪಿಸಿಕೊಳ್ಳಿ. ತುಂಬಿದ ಸಿಲಿಂಡರ್ ಸುಮಾರು 30 ಕೆ.ಜಿ., ಎಳೆದಾಗ ಪಾಲಿಶ್ ಗೀರಿಹೋಗುತ್ತದೆ, ಆ ಗೀರಿನಲ್ಲಿ ನೀರಿಳಿದರೆ ಅಲ್ಲೊಂದು ಕಪ್ಪು ಉಂಗುರ. ಈಳಿಗೆಮಣೆ, ಕಬ್ಬಿಣದ ಬಾಣಲೆಯ ಕಥೆಯೂ ಅಷ್ಟೇ.

ಕೊನೆಗೆ ಅಡುಗೆಮನೆಗೆ ಓಕ್ ಬಣ್ಣದ, ಹೊಳಪಿಲ್ಲದ ಸೆರಾಮಿಕ್ ಟೈಲ್ಸ್ ಹಾಕಿಸಿದೆ. ಫೋಟೊ ನೆಲ ಅಂತ ಅತ್ತವಳು ಮತ್ತೆ ಫೋಟೊವನ್ನೇ ಕೊಂಡೆಯಾ ಅಂತ ನಮ್ಮನೆಯವರು ಕೆಣಕಿದರು. ಇರಬಹುದು, ಆದರೆ ಈ ಸಲ ಗೊತ್ತಿದ್ದೂ ಕೊಂಡೆ. ಟೈಲ್ಸ್ ಜಾರದಿರುವಿಕೆಗೆ ಆರ್9ರಿಂದ ಆರ್13ರವರೆಗೆ ದರ್ಜೆಗಳಿವೆ, ಸಂಖ್ಯೆ ಹೆಚ್ಚಿದಷ್ಟೂ ಜಾರುವುದು ಕಡಿಮೆ, ಜತೆಗೆ ಒರಟು ಹೆಚ್ಚಿ ಜಿಡ್ಡು ಬಿಡಿಸುವ ಕಷ್ಟವೂ ಹೆಚ್ಚು. ನಮ್ಮದು ಆರ್10.

ಅತ್ತೆಯ ವಾಕರಿಗಾಗಿ ನಾವು ಹಟ ಹಿಡಿದದ್ದು ಮಟ್ಟದ ವಿಷಯದಲ್ಲಿ. 14 ಮಿ.ಮೀ. ಹಲಗೆ, ಕೆಳಗಿನ 2 ಮಿ.ಮೀ. ಫೋಮ್ ಸೇರಿ ಹಳೇ ನೆಲ 16 ಮಿ.ಮೀ. ಏರುತ್ತದೆ. ಅಡುಗೆಮನೆಯ ಹೊಸ ಟೈಲ್ಸು, ಅಂಟು ಸೇರಿ ಅಷ್ಟೇ ಏರುವಂತೆ ಮೇಸ್ತ್ರಿಗೆ ಮೊದಲೇ ಅಳತೆ ಕೊಟ್ಟೆವು. ಎರಡೂ ಸೇರುವಲ್ಲಿ ಚಪ್ಪಟೆ ಅಲ್ಯೂಮಿನಿಯಂ ಪಟ್ಟಿ, ಎಡವಲು ಏನೂ ಇಲ್ಲ. ಬಾಗಿಲುಗಳ ತಳ ತುರಿಸಬೇಕಾಯಿತು, ಅದನ್ನು ಕೊಟೇಷನ್ನಿನಲ್ಲಿ ಯಾರೂ ಹೇಳುವುದಿಲ್ಲ, ನೀವೇ ಕೇಳಿ. ಕೋಣೆಗೆ ಅಂಟಿದ ಬಾತ್‌ರೂಮಿನ ಬಾಗಿಲೆದುರು ಎರಡು ಅಡಿ ಓಕ್ ಬಿಟ್ಟು ಅದೇ ಒರಟು ಟೈಲ್ಸ್ ಹಾಕಿಸಿದೆವು. ಒದ್ದೆ ಕಾಲು ಮೊದಲು ಬೀಳುವುದು ಅಲ್ಲೇ, ಒದ್ದೆಯಾದರೆ ಮರವೂ ಜಾರುತ್ತದೆ.

ಹಾಕಿಸುವ ಮೊದಲು

ಹಲಗೆ ಬಂದ ದಿನವೇ ಕೆಲಸ ಶುರು ಮಾಡಲು ಹುಡುಗರು ಅವಸರ ಮಾಡುತ್ತಾರೆ. ಒಪ್ಪಬೇಡಿ. ಪೆಟ್ಟಿಗೆಗಳನ್ನು ಅದೇ ಕೋಣೆಯಲ್ಲಿ ಎರಡು ಮೂರು ದಿನ ಇಡಬೇಕು, ಮನೆಯ ಹವೆಗೆ ಮರ ಹೊಂದಿಕೊಳ್ಳಲಿ. ಗೋಡೆಯ ಸುತ್ತ 10 ಮಿ.ಮೀ. ಜಾಗ ಬಿಡಬೇಕು, ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ. ಆ ಜಾಗ ಬಿಡದಿದ್ದರೆ ಮಳೆಗಾಲದಲ್ಲಿ ಹಿಗ್ಗಿದ ನೆಲ ನಡುವೆ ಎದ್ದು ನಿಲ್ಲುತ್ತದೆ. ನೆಲ ಅಂತಸ್ತಿನವರು ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ನಾಲ್ಕೂ ಬದಿ ಟೇಪ್ ಹಚ್ಚಿ ಒಂದು ದಿನ ಬಿಟ್ಟು ನೋಡಿ. ಒಳಗೆ ಹನಿ ಕಂಡರೆ ಮೊದಲು ತೇವಕ್ಕೆ ಮದ್ದು ಮಾಡಿಸಿ.

ನೆಲ ಮುಗಿದ ಮೂರನೇ ದಿನ ಬೆಳಿಗ್ಗೆ ಡಿಕಾಕ್ಷನ್ ಹಾಕುತ್ತಿದ್ದೆ. ಕೋಣೆಯಿಂದ ಟಕ್ ಟಕ್ ಸದ್ದು. ಅತ್ತೆ ತಾವಾಗಿಯೇ ಎದ್ದು, ಬರಿಗಾಲಲ್ಲಿ ವಾಕರ್ ಊರಿಕೊಂಡು ಊಟದ ಮೇಜಿನವರೆಗೆ ಬಂದಿದ್ದರು. "ನಮ್ಮ ಉಪ್ಪರಿಗೆ ಹಲಗೆ ಹಾಗಿದೆ, ಪರವಾಗಿಲ್ಲ" ಅಂದರು. ಅವರ ಬಾಯಲ್ಲಿ ಪರವಾಗಿಲ್ಲ ಅಂದರೆ ದೊಡ್ಡ ಮಾತು. ಕೆಳಗಿನ ಮನೆಯವರಿಗೆ ಮಾತ್ರ ಆ ಟಕ್ ಟಕ್ ಕೇಳಿಸಿತಂತೆ. ಅಡಿಗೆ ಇನ್ನಷ್ಟು ಒಳ್ಳೆಯ ಫೋಮ್ ಹಾಕಿಸಬೇಕಿತ್ತು, ಅಲ್ಲಿ ದುಡ್ಡು ಉಳಿಸಲು ಹೋದೆ. ಈಗ ಅವರ ನಡಿಗೆಯ ದಾರಿಗೆ ಜಮಖಾನ ಹಾಸೋಣವೆಂದರೆ ಕಾಲಿಗೆ ತೊಡರುವ ಭಯ.

ದಿನದ ಆರೈಕೆ ಕಷ್ಟವೇನಿಲ್ಲ. ಮೆತ್ತನೆ ಪೊರಕೆ, ಚೆನ್ನಾಗಿ ಹಿಂಡಿದ ಬಟ್ಟೆ. ಫಿನಾಯಿಲ್ ನೀರು, ಹಬೆ ಬಿಡುವ ಮಾಪ್ ಬೇಡ. ಕೆಲಸಕ್ಕೆ ಬರುವ ನಮ್ಮ ಲಕ್ಷ್ಮಮ್ಮನಿಗೆ ಬಕೆಟ್ ಬಿಡಿಸಲು ಒಂದು ತಿಂಗಳು ಹಿಡಿಯಿತು. ಮಂಚ, ಕುರ್ಚಿಯ ಕಾಲಿಗೆ ಫೆಲ್ಟ್ ಬಿಲ್ಲೆ ಅಂಟಿಸಿ. ಬಿಸಿಲು ಬಿದ್ದಲ್ಲಿ ಓಕ್ ನಿಧಾನಕ್ಕೆ ಜೇನುಬಣ್ಣಕ್ಕೆ ತಿರುಗುತ್ತದೆ, ಅದಕ್ಕೇ ಚಾಪೆ, ಟೀಪಾಯಿಗಳನ್ನು ಆಗಾಗ ಜಾಗ ಬದಲಿಸಿ, ಇಲ್ಲದಿದ್ದರೆ ಅದರಡಿಯಲ್ಲಿ ಬಿಳಿಚಿದ ಚೌಕ ಉಳಿಯುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಹಲಗೆಗಳ ನಡುವೆ ಕೂದಲೆಳೆಯಷ್ಟು ಸಂದು ಕಂಡರೆ ಗಾಬರಿಯಾಗಿ ಅಲ್ಲಿ ಮೇಣ ತುಂಬಬೇಡಿ, ಮಳೆ ಶುರುವಾದರೆ ತಾನೇ ಮುಚ್ಚಿಕೊಳ್ಳುತ್ತದೆ.

ಕತ್ತರಿಸುವಾಗ ಹಾಳಾಗುವುದಕ್ಕೆಂದು ಅಳತೆಗಿಂತ ಶೇ 10ರಷ್ಟು ಜಾಸ್ತಿ ತರಿಸಿರುತ್ತೀರಿ. ಉಳಿದ ಹಲಗೆಗಳನ್ನು ಯಾರಿಗೂ ಕೊಡಬೇಡಿ, ಅದೇ ಬಣ್ಣ ಮತ್ತೆ ಸಿಗುವುದಿಲ್ಲ. ನಮ್ಮಲ್ಲಿ ಐದು ಉಳಿದಿವೆ. ಪೆಟ್ಟಿಗೆ ಸಮೇತ ಅಟ್ಟದ ಮೇಲೆ ಮಲಗಿಸಿಟ್ಟಿದ್ದೇನೆ, ಗೋಡೆಗೆ ಒರಗಿಸಿ ನಿಲ್ಲಿಸಿದರೆ ಬಾಗುತ್ತವೆ.