28–0ರಿಂದ ಶುರುವಾದ ಆಟ

ಎಂಟು ವರ್ಷದ ಹುಡುಗಿ ಮೊದಲ ಸಲ ಪಿಚರ್, ಅಂದರೆ ಚೆಂಡು ಎಸೆಯುವವಳಾಗಿ ಮೈದಾನಕ್ಕಿಳಿದಿದ್ದಳು. ಎಸೆದ ಚೆಂಡು ಒಮ್ಮೆ ಅತ್ತ, ಒಮ್ಮೆ ಇತ್ತ. ಸುಮಾರು ಸಲ ಎದುರು ನಿಂತವರ ಮೈಗೇ ಬಡಿಯಿತು. ಪಂದ್ಯ ಮುಗಿದಾಗ ಅವಳ ತಂಡ 28–0ರಿಂದ ಸೋತಿತ್ತು. ಆ ಹುಡುಗಿ ಲೀಸಾ ಫರ್ನಾಂಡಿಸ್. ಸಾಫ್ಟ್‌ಬಾಲ್‌ನ ಸಾರ್ವಕಾಲಿಕ ಶ್ರೇಷ್ಠರು ಯಾರೆಂದು ಬಲ್ಲವರನ್ನು ಕೇಳಿ ನೋಡಿ, ಮೊದಲ ಎರಡು ಮೂರು ಹೆಸರುಗಳಲ್ಲೇ ಈಕೆ ಬರುತ್ತಾರೆ.

ಹುಟ್ಟಿದ್ದು 1971ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಅಪ್ಪ ಕ್ಯೂಬಾದವರು, ಬೇಸ್‌ಬಾಲ್ ಆಡಿದವರು. ಅಮ್ಮ ಪೋರ್ಟೊರಿಕೊದವರು, ಮಗಳ ಎಸೆತ ಹಿಡಿಯಲು ಗ್ಲೌಸ್ ತೊಟ್ಟು ತಾವೇ ಕೂರುತ್ತಿದ್ದರು. ಈ ಮೈಕಟ್ಟಿಗೆ ದೊಡ್ಡ ಮಟ್ಟದ ಪಿಚಿಂಗ್ ದಕ್ಕುವುದಿಲ್ಲ ಎಂದು ಒಬ್ಬ ತರಬೇತುದಾರರು ಷರಾ ಬರೆದೇಬಿಟ್ಟಿದ್ದರು. ಹುಡುಗಿ ಅತ್ತಳು, ಅಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಟವನ್ನು ನಮ್ಮ ಕ್ರಿಕೆಟ್ ಕಣ್ಣಿನಿಂದಲೇ ನೋಡೋಣ. ಕ್ರಿಕೆಟ್ ಪಿಚ್‌ನ ಉದ್ದ 66 ಅಡಿ. ಇಲ್ಲಿ ಪಿಚರ್ ಮತ್ತು ಬ್ಯಾಟರ್ ನಡುವೆ ಬರೀ 43 ಅಡಿ. ತೋಳನ್ನು ಬಾವಿಯ ರಾಟೆಯಂತೆ ಒಂದು ಪೂರ್ತಿ ಸುತ್ತು ತಿರುಗಿಸಿ, ಸೊಂಟದ ಬಳಿ ಚೆಂಡು ಬಿಡಬೇಕು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಬಂದರೆ ಬ್ಯಾಟರ್‌ಗೆ ಸಿಗುವುದು ಅರ್ಧ ಸೆಕೆಂಡಿಗೂ ಕಡಿಮೆ. ಹೆಸರಿನಲ್ಲಿ ಸಾಫ್ಟ್ ಇದೆಯೆಂದು ಮೋಸಹೋಗಬೇಡಿ. 12 ಇಂಚು ಸುತ್ತಳತೆಯ ಆ ಚೆಂಡು ಗಟ್ಟಿಯೇ.

1990ರಿಂದ 1993ರವರೆಗೆ ಲೀಸಾ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ಪರ ಆಡಿದರು. ಪಿಚರ್ ಆಗಿ 93 ಗೆಲುವು, 7 ಸೋಲು. ತಂಡಕ್ಕೆ ಎರಡು ರಾಷ್ಟ್ರೀಯ ಪ್ರಶಸ್ತಿ. ಕೊನೆಯ ವರ್ಷದ್ದಂತೂ ಬೇರೆಯೇ ಕಥೆ. ಬ್ಯಾಟಿಂಗ್ ಸರಾಸರಿ .510, ಅಂದರೆ ಎರಡು ಸಲ ಬ್ಯಾಟ್ ಹಿಡಿದರೆ ಸರಾಸರಿ ಒಂದು ಹಿಟ್. ಪಿಚಿಂಗ್‌ನಲ್ಲಿ ಬಿಟ್ಟುಕೊಟ್ಟದ್ದು ಸರಾಸರಿ ನಾಲ್ಕು ಪಂದ್ಯಕ್ಕೆ ಒಂದು ರನ್. ಎರಡರಲ್ಲೂ ಇಡೀ ದೇಶಕ್ಕೆ ಮೊದಲಿಗರು! ರಣಜಿಯಲ್ಲಿ ಒಬ್ಬರೇ ಒಂದೇ ಋತುವಿನಲ್ಲಿ ಬ್ಯಾಟಿಂಗ್, ಬೌಲಿಂಗ್ ಎರಡೂ ಪಟ್ಟಿಯ ತುದಿಯಲ್ಲಿ ಕೂತಂತೆ.

ಸಾಫ್ಟ್‌ಬಾಲ್ ಒಲಿಂಪಿಕ್ಸ್‌ಗೆ ಬಂದದ್ದು 1996ರಲ್ಲಿ. ಆಸ್ಟ್ರೇಲಿಯಾ ವಿರುದ್ಧದ ಪಂದ್ಯದ ಐದನೇ ಇನಿಂಗ್ಸ್‌ನಲ್ಲಿ ಅಮೆರಿಕದ ಡ್ಯಾನಿ ಟೈಲರ್ ನಮ್ಮ ಸಿಕ್ಸರ್‌ನಂಥ ಹೋಮ್ ರನ್ ಹೊಡೆದರು. ಸಂಭ್ರಮದಲ್ಲಿ ಗೆಳತಿಯರ ಕೈಗೆ ಕೈ ತಟ್ಟುತ್ತಾ ಬಂದವರು ಓಟದ ಕೊನೆಗೆ ಮುಟ್ಟಲೇಬೇಕಾದ ಹೋಮ್ ಪ್ಲೇಟ್ ತುಳಿಯುವುದನ್ನೇ ಮರೆತರು. ರನ್ ಹೋಯಿತು, ಅವರೂ ಔಟ್. ಇತ್ತ ಲೀಸಾ ಒಬ್ಬರನ್ನೂ ಬೇಸ್ ಮುಟ್ಟಲು ಬಿಡದೆ 29 ಮಂದಿಯನ್ನು ಸಾಲಾಗಿ ಔಟ್ ಮಾಡಿದ್ದರು. ಹತ್ತನೇ ಇನಿಂಗ್ಸ್‌ನಲ್ಲಿ 1–0 ಮುಂದಿದ್ದ ಅಮೆರಿಕಕ್ಕೆ ಇನ್ನೊಂದು ಔಟ್ ಸಿಕ್ಕರೆ ಗೆಲುವು. ಟೈ ಮುರಿಯುವ ನಿಯಮದಂತೆ ಎರಡನೇ ಬೇಸ್‌ನಲ್ಲಿ ಓಟಗಾರ್ತಿಯೊಬ್ಬರನ್ನು ಮೊದಲೇ ನಿಲ್ಲಿಸಲಾಗಿತ್ತು. ಜೊವಾನ್ ಬ್ರೌನ್ ಎತ್ತಿ ಬಾರಿಸಿದರು. ಆಸ್ಟ್ರೇಲಿಯಾ 2, ಅಮೆರಿಕ 1.

ಚಿನ್ನ ಅಮೆರಿಕಕ್ಕೇ ಬಂತು ಎನ್ನುವುದು ಬೇರೆ ಮಾತು. ಆದರೆ 2000ದ ಸಿಡ್ನಿಯಲ್ಲಿ ಮತ್ತೆ ಅದೇ ಎದುರಾಳಿ. ಲೀಸಾ ಒಂದೇ ಪಂದ್ಯದಲ್ಲಿ 25 ಸ್ಟ್ರೈಕ್ ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ಪಡೆದರು. 13ನೇ ಇನಿಂಗ್ಸ್‌ನಲ್ಲಿ ಪೀಟಾ ಎಡ್‌ಬೋನ್ ಹೋಮ್ ರನ್ ಹೊಡೆದರು. ಮತ್ತೆ 2–1. ಅದು ಅಮೆರಿಕಕ್ಕೆ ಸತತ ಮೂರನೇ ಸೋಲು. ಆದರೂ ಫೈನಲ್ ತಲುಪಿ, ಲೀಸಾ ಪಿಚಿಂಗ್‌ನಲ್ಲೇ ಜಪಾನನ್ನು ಮಣಿಸಿತು. ಅದೂ 2–1ರಿಂದ. ಗೆದ್ದ ಫೈನಲ್‌ಗಿಂತ ಸೋತ ಆ ಎರಡು ಪಂದ್ಯಗಳೇ ಆಕೆಯ ಅತ್ಯುತ್ತಮ ಪಿಚಿಂಗ್ ಎಂಬುದು ನನ್ನ ಎಣಿಕೆ.

ಬಾಕಿ ತೀರಿದ್ದು 2004ರ ಅಥೆನ್ಸ್‌ನಲ್ಲಿ. ಕೂಟದುದ್ದಕ್ಕೂ ಅಮೆರಿಕ 51 ರನ್ ಗಳಿಸಿ, ಕೊಟ್ಟದ್ದು ಒಂದೇ ಒಂದು. ಫೈನಲ್‌ನಲ್ಲಿ ಎದುರಿದ್ದದ್ದು ಆಸ್ಟ್ರೇಲಿಯಾ, ಚೆಂಡು ಲೀಸಾ ಕೈಯಲ್ಲಿ, ಫಲಿತಾಂಶ 5–1. ಬ್ಯಾಟಿಂಗ್‌ನಲ್ಲೂ ಆಕೆಯ ಸರಾಸರಿ .545, ಒಲಿಂಪಿಕ್ ದಾಖಲೆ. ಕೊರಳಿಗೆ ಮೂರನೇ ಚಿನ್ನ.

ಮುಂದೆ ಯುಸಿಎಲ್‌ಎಯಲ್ಲೇ ತರಬೇತುದಾರರಾದರು. ಆಟದ ನಸೀಬು ಮಾತ್ರ ನೆಟ್ಟಗಿರಲಿಲ್ಲ: 2008ರ ನಂತರ ಒಲಿಂಪಿಕ್ಸ್‌ನಿಂದ ಹೊರಬಿತ್ತು, ಟೋಕಿಯೊದಲ್ಲಿ ಬಂತು, ಪ್ಯಾರಿಸ್‌ನಲ್ಲಿ ಇರಲಿಲ್ಲ. 2028ರ ಲಾಸ್ ಏಂಜಲೀಸ್ ಕ್ರೀಡಾಕೂಟಕ್ಕೆ ಮರಳಲಿದೆ. ಆದರೆ ಪಂದ್ಯಗಳು ನಿಗದಿಯಾಗಿರುವುದು ಲೀಸಾ ಹುಟ್ಟಿ ಬೆಳೆದ ಆ ಸೀಮೆಯಲ್ಲಲ್ಲ. 1990ರಲ್ಲಿ ಆಕೆ ಕಾಲೇಜು ತಂಡದೊಂದಿಗೆ ಮೊದಲ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಓಕ್ಲಹೋಮ ಸಿಟಿಯಲ್ಲಿ.