ತಲೆಗೆ ಸೂಜಿ ರೋಲರ್: 0.5 ಎಂಎಂ ದಾಟುವ ಮುನ್ನ ಡಾಕ್ಟರ್ ಕೇಳ್ರಿ

ರಾಯಚೂರು: ಆನ್‌ಲೈನ್‌ನಲ್ಲಿ ಮುನ್ನೂರು, ನಾನೂರು ರೂಪಾಯಿಗೆ ಸಿಗುವ ಡರ್ಮಾ ರೋಲರ್ ಈಗ ದೇವದುರ್ಗ, ಮಾನ್ವಿ ಹುಡುಗರ ಕೈಗೂ ಬಂದಿದೆ. ಸಣ್ಣ ಸೂಜಿಗಳಿರುವ ಈ ಚಕ್ರವನ್ನು ತಲೆ ಮೇಲೆ ಉರುಳಿಸಿದರೆ ಹೋದ ಕೂದಲು ಬರ್ತದ ಅಂತ ರೀಲ್ಸ್ ನೋಡಿ ತರಿಸ್ತಾರೆ. ಆರ್ಡರ್ ಮಾಡುವಾಗ ಪ್ರಶ್ನೆ ಬರ್ತದ: 0.25, 0.5, 1.0, 1.5 ಎಂಎಂ, ಯಾವುದು ತಗೋಬೇಕು? "ಉದ್ದ ಸೂಜಿ ಇದ್ರ ಬೇಗ ಬರ್ತದ" ಅನ್ನೋರೇ ಜಾಸ್ತಿ. ಈ ಲೆಕ್ಕ ತಪ್ಪು.

ಸೂಜಿ ಮಾಡುವ ಕೆಲಸ

ಕೂದಲಿನ ಬೇರು ನೆತ್ತಿಯೊಳಗೆ ಸುಮಾರು 4 ಎಂಎಂ ಆಳದಲ್ಲಿರುತ್ತದೆ. ಈ ರೋಲರ್‌ಗಳು ಅಲ್ಲಿಗೆ ಮುಟ್ಟಲ್ಲ, ಮುಟ್ಟಬೇಕಾಗಿಯೂ ಇಲ್ಲ. ಸಣ್ಣ ಗಾಯ ಆದಾಗ ದೇಹ ಅದನ್ನು ಮಾಯಿಸಲು ಶುರು ಮಾಡುತ್ತದೆ. ಆ ಕೆಲಸದಲ್ಲೇ ಬೇರಿಗೂ ಚುರುಕು ಸಿಗುತ್ತದೆ ಎನ್ನುವುದು ವೈದ್ಯರ ವಿವರಣೆ.

1.5 ಎಂಎಂ ಎಲ್ಲಿಂದ ಬಂತು?

2013ರಲ್ಲಿ ಮುಂಬೈ ವೈದ್ಯರ ಅಧ್ಯಯನವೊಂದು ಪ್ರಕಟವಾಯಿತು. 100 ಗಂಡಸರು, 12 ವಾರ. ಅರ್ಧ ಮಂದಿಗೆ ಬರೀ ಮಿನಾಕ್ಸಿಡಿಲ್ ಔಷಧಿ, ಉಳಿದವರಿಗೆ ಅದರ ಜೊತೆ ವಾರಕ್ಕೊಮ್ಮೆ 1.5 ಎಂಎಂ ರೋಲರ್. ಗುರುತು ಮಾಡಿದ ಜಾಗದಲ್ಲಿ ರೋಲರ್ ಮಾಡಿಸಿಕೊಂಡವರಿಗೆ ಸರಾಸರಿ 91 ಕೂದಲು ಹೆಚ್ಚಾದವು, ಔಷಧಿ ಮಾತ್ರ ಹಚ್ಚಿದವರಿಗೆ 22. ರೀಲ್ಸ್‌ನವರು ಇಷ್ಟು ಮಾತ್ರ ಹೇಳ್ತಾರೆ. ಅದು ವೈದ್ಯರ ಕೈಯಲ್ಲಿ, ಸ್ವಚ್ಛ ಸಲಕರಣೆಯಿಂದ ನಡೆದದ್ದು ಅನ್ನೋದನ್ನ ಬಿಟ್ಟುಬಿಡ್ತಾರೆ.

ಮುಂದೆ 2021ರಲ್ಲಿ ಇರಾನಿನ ವೈದ್ಯರು 0.6 ಮತ್ತು 1.2 ಎಂಎಂ ಎರಡನ್ನೂ ಹೋಲಿಸಿದರು. ಗಿಡ್ಡ ಸೂಜಿ ಹಿಂದೆ ಬೀಳಲಿಲ್ಲ. ಅಂದ್ರ ಆಳ ಹೆಚ್ಚಾದಷ್ಟು ಲಾಭ ಹೆಚ್ಚು ಅಂತೇನಿಲ್ಲ. ನೋವು, ರಕ್ತ, ಸೋಂಕು ಮಾತ್ರ ಹೆಚ್ಚು.

ಹಂಗಾದ್ರ ಯಾವುದು?

* 0.25 ಎಂಎಂ: ಗಾಯ ಕಡಿಮೆ, ಔಷಧಿ ಒಳಗಿಳಿಯಲು ಸಹಾಯ.
* 0.5 ಎಂಎಂ: ಮನೆಯಲ್ಲಿ ಬಳಸುವುದಾದರೆ ಇದೇ ಕೊನೆ ಮಿತಿ. ವಾರಕ್ಕೆ ಒಂದೇ ಸಲ. ರಕ್ತ ಬರುವಂಗ ಒತ್ತಬಾರದು.
* 1.0 ಎಂಎಂ ಮತ್ತು ಮೇಲೆ: ಚರ್ಮರೋಗ ವೈದ್ಯರ ಕೈಯಲ್ಲಿ ಮಾತ್ರ.

ರೋಲರ್ ಮಾಡಿದ ದಿನ ಮಿನಾಕ್ಸಿಡಿಲ್ ಹಚ್ಚಬೇಡಿ, 24 ತಾಸು ಬಿಡಿ. ಎಣ್ಣೆ, ಡೈ ಕೂಡ ಬೇಡ. ಬಳಸುವ ಮುಂಚೆ, ಆಮೇಲೆ ಸ್ಪಿರಿಟ್‌ನಲ್ಲಿ ತೊಳೆದು ಒಣಗಿಸಿ. ಸೂಜಿ ಬಾಗಿದರೆ, ಮೊಂಡಾದರೆ ಬಿಸಾಕಿ.

ಸಲೂನ್ ಅಣ್ಣಂದಿರಿಗೆ ಒಂದು ಮಾತು

ಶೇವಿಂಗ್‌ಗೆ ಗಿರಾಕಿಗೊಂದು ಹೊಸ ಬ್ಲೇಡ್ ಹಾಕ್ತೀರಿ. ರೋಲರ್‌ಗೂ ಅದೇ ನಿಯಮ. ಒಬ್ಬರ ತಲೆಗೆ ಉರುಳಿಸಿದ್ದನ್ನು ಇನ್ನೊಬ್ಬರಿಗೆ ಹಾಕಿದರೆ ಕಾಮಾಲೆ ತರುವ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ದಾಟುವ ಅಪಾಯ ಇದೆ. ನೂರಾರು ಸೂಜಿಗಳ ಸಂದಿಯಲ್ಲಿ ಉಳಿದ ರಕ್ತ ಡೆಟಾಲ್ ನೀರಲ್ಲಿ ಅದ್ದಿದರೆ ಹೋಗಲ್ಲ. ಮನೆಯಲ್ಲೂ ಅಷ್ಟೇ, ಅಣ್ಣ ತಮ್ಮ ಅಂತ ಹಂಚಿಕೊಳ್ಳಬೇಡಿ.

ಯಾರು ಮಾಡಲೇಬಾರದು?

ತಲೆಯಲ್ಲಿ ಕುರು, ಹುಳಕಡ್ಡಿ, ಸೋರಿಯಾಸಿಸ್ ಇದ್ದವರು, ಗಾಯದ ಕಲೆ ಉಬ್ಬಿ ಬೆಳೆಯುವವರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು, ಹತೋಟಿಗೆ ಬಾರದ ಶುಗರ್ ಇದ್ದವರು ಇದರಿಂದ ದೂರ ಇರಬೇಕು.

ಇನ್ನೊಂದು ವಿಷಯ. ಡೆಂಗಿ, ಟೈಫಾಯಿಡ್ ಆದ ಮೇಲೆ ಅಥವಾ ಹೆರಿಗೆ ನಂತರ ಎರಡು ಮೂರು ತಿಂಗಳಿಗೆ ಕೂದಲು ಗೊಂಚಲು ಗೊಂಚಲು ಉದುರುತ್ತದೆ. ಅದು ಸಾಮಾನ್ಯವಾಗಿ ತಾನಾಗೇ ಮರಳಿ ಬರ್ತದ. ರಕ್ತ ಕಡಿಮೆ ಇದ್ದರೆ, ಥೈರಾಯ್ಡ್ ಇದ್ದರೆ ಅದಕ್ಕೇ ಔಷಧಿ ಬೇಕು, ಸೂಜಿಯಿಂದ ಸರಿಹೋಗಲ್ಲ.

ಹಾಗಾಗಿ ರೋಲರ್ ತರಿಸುವ ಮುಂಚೆ ಕಾರಣ ತಿಳ್ಕೊಳ್ರಿ. ರಾಯಚೂರಿನ ರಿಮ್ಸ್‌ನಲ್ಲಿ ಚರ್ಮರೋಗ ವಿಭಾಗ ಇದೆ. ದೇವದುರ್ಗ, ಮಾನ್ವಿಯವರು ಮೊದಲು ತಾಲೂಕು ಆಸ್ಪತ್ರೆಯಲ್ಲೇ ರಕ್ತ ಪರೀಕ್ಷೆ ಬಗ್ಗೆ ವಿಚಾರಿಸಬಹುದು. ಈಗಾಗಲೇ ರೋಲರ್ ಬಳಸಿ ತಲೆಯಲ್ಲಿ ಕೀವು, ಬಾವು, ಜ್ವರ ಕಂಡರೆ ಮನೆ ಮದ್ದು ಹಚ್ಚುತ್ತಾ ಕೂಡಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.